ಎಡಗಂಬದ ಕೂಗು

ಹದಿನಾಲ್ಕನೇ ತಾರೀಕು, ಭಾನುವಾರ ಸಂಜೆ
ಮೈದಾನದ ಸಾಮಾನು ಕೋಣೆಯಿಂದ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರ. ಮೂರು ಕಾಗದಗಳಿಗೂ ಸೇರಿಸಿ ಈಗ ಉತ್ತರ ಬರೆಯುತ್ತಿದ್ದೇನೆ, ಎಷ್ಟು ಬೈಯಬೇಕೋ ಬೈದುಕೋ. ಭಾವನ ಮಂಡಿನೋವು ಹೇಗಿದೆ? ಇಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೂ ನನ್ನ ಸೊಂಟಕ್ಕೂ ಒಂದೇ ಕಾಯಿಲೆ, ಬೆಳಿಗ್ಗೆ ನಾಲ್ಕು ಸಲ ಎಳೆಯದೆ ಎರಡೂ ಏಳುವುದಿಲ್ಲ. ನಿನ್ನ ಮಗ ಚೆನ್ನಾಗಿ ಉಂಡು ಚೆನ್ನಾಗಿ ನಿದ್ದೆ ಮಾಡುತ್ತಿದ್ದಾನೆ. ಅವನ ಆಟದ ಬಗ್ಗೆ ನೀನು ಕೇಳಿದಾಗಲೆಲ್ಲ ಜಾರಿಕೊಂಡೆ. ಇವತ್ತು ಬರೆಯುತ್ತೇನೆ.

ಗೋಲ್‌ಕೀಪರ್ ಆಗಿ ನಿಂತು ಕಳೆದ ಐದು ಪಂದ್ಯಗಳಲ್ಲಿ ಹನ್ನೊಂದು ಗೋಲು ಬಿಟ್ಟ. ಅದರಲ್ಲಿ ಒಂಬತ್ತು ಅವನ ಎಡಗಂಬದ ಪಕ್ಕದಲ್ಲೇ ನುಗ್ಗಿದವು, ಉಳಿದೆರಡು ತಲೆಯ ಮೇಲಿಂದ. ಊರಿಗೆ ಬೇರೆ ಮಾತೇ ಇಲ್ಲ. ಮೈದಾನದ ಗೇಟಿನೆದುರಿಗಿರುವ ಕ್ಷೌರದಂಗಡಿಯಂತೂ ನ್ಯಾಯಾಲಯವೇ ಆಗಿದೆ. ನಿನ್ನೆ ನಾನು ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದಾಗ ಬಸ್ ಡ್ರೈವರ್ ಶುರು ಮಾಡಿದ.

"ನಮ್ಮ ಬಸ್ಸಿನ ಬಾಗಿಲಾದ್ರೂ ಒಂದೊಂದು ಸಲ ಮುಚ್ಚುತ್ತೆ. ಈ ಹುಡುಗನ ಎಡಗಡೆ ಯಾವಾಗ್ಲೂ ತೆರೆದೇ ಇರುತ್ತಲ್ರೀ!"

"ಇನ್ನೂ ಇಪ್ಪತ್ತು ತುಂಬಿಲ್ಲ ಅವನಿಗೆ," ಎಂದರು ಲೆಕ್ಕದ ಮೇಷ್ಟ್ರು. "ಬಿತ್ತಿದ ದಿನವೇ ಫಲ ಕೇಳಿದ್ರೆ ಹೇಗೆ?"

"ನೀವು ಫಲಕ್ಕೆ ಕಾಯಿರಿ ಮೇಷ್ಟ್ರೇ. ನಾಳೆ ಎಡಗಡೆ ಇನ್ನೊಂದು ಬಿಟ್ರೆ ಅವನನ್ನ ತಂಡದಿಂದ ಕಳಿಸಿಬಿಡ್ತಾರಂತೆ. ಕೋಚೇ ಹೇಳಿದ್ದು."

ಕ್ಷೌರಿಕ ಕತ್ತಿ ಮಸೆಯುತ್ತಲೇ ಹೇಳಿದ: "ಬಲಗಡೆ ಬಂದ ಚೆಂಡು ಒಂದನ್ನಾದ್ರೂ ಬಿಟ್ಟಿದ್ದಾನಾ? ಎಡಗಡೆಗೂ ಸರಿಯಾಗೇ ಹೊರಡ್ತಾನೆ. ಅರ್ಧದಲ್ಲಿ ನಿಂತುಬಿಡ್ತಾನೆ, ಯಾರೋ ಕರೆದ ಹಾಗೆ."

ಅಕ್ಕ, ನಾನೂ ಅದನ್ನೇ ನಂಬಿದ್ದೆ. ನಮ್ಮ ಕೊನೇ ತಮ್ಮ, ಚಿಕ್ಕವನು, ಇಲ್ಲೇ ಗೋಲಿಗೆ ನಿಂತಿದ್ದಾಗ ಎಡಗಂಬಕ್ಕೆ ತಲೆ ಬಡಿದು ಪ್ರಾಣ ಬಿಟ್ಟು ಮೂವತ್ತು ವರ್ಷವಾಯಿತು. ಮರದ ಕಂಬ ಹೋಗಿ ಕಬ್ಬಿಣದ್ದು ಬಂತು. ಆದರೂ ಅಲ್ಲಿ ಸುಣ್ಣದ ಗೆರೆ ಎಳೆಯುವಾಗ ಯಾರೋ ದಾರಿ ಬಿಡಲು ಪಕ್ಕಕ್ಕೆ ಸರಿದಂತಾಗುತ್ತದೆ. ನಿನ್ನ ಮಗ ಕೈಗವಸಿನ ಪಟ್ಟಿಯನ್ನು ಹಲ್ಲಿನಿಂದ ಎಳೆದು ಬಿಗಿಯುತ್ತಾನೆ, ಥೇಟ್ ಚಿಕ್ಕವನಂತೆ. ಅವನಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ. ಹಾಗಾಗಿ ಚಿಕ್ಕವನೇ ಅಲ್ಲಿ ನಿಂತು ಇವನನ್ನು ತಡೆಯುತ್ತಿದ್ದಾನೆ ಎಂದುಕೊಂಡಿದ್ದೆ. ನನಗೆ ಭಯವೂ ಆಗುತ್ತಿತ್ತು, ಸುಳ್ಳೇಕೆ, ಸ್ವಲ್ಪ ಸಮಾಧಾನವೂ ಆಗುತ್ತಿತ್ತು.

ನಿನ್ನೆಯೇ ಮಧ್ಯಾಹ್ನ ಊಟಕ್ಕೆ ಕೂತಾಗ ತಡೆಯಲಾರದೆ ಕೇಳಿಯೇಬಿಟ್ಟೆ. "ಆ ಕಂಬದ ಹತ್ತಿರ ನಿನಗೆ ಯಾರಾದ್ರೂ ಕಾಣಿಸ್ತಾರೇನೋ?"

ಅವನು ತಟ್ಟೆ ಪಕ್ಕಕ್ಕಿಟ್ಟ. "ಯಾರೂ ಕಾಣಿಸಲ್ಲ ಮಾವ. ಕೇಳಿಸುತ್ತೆ. ಬೇಜಾರು ಮಾಡ್ಕೋಬೇಡ. ಚೆಂಡು ಎಡಗಡೆ ಬಂದಾಗೆಲ್ಲ ನೀನೇ ಗೆರೆಯಾಚೆಯಿಂದ 'ಕಂಬ!' ಅಂತ ಕಿರುಚ್ತೀಯ. ಆ ದನಿ ಕಿವಿಗೆ ಬಿದ್ರೆ ನನ್ನ ಕಾಲು ಅಲ್ಲೇ ನಿಂತುಬಿಡುತ್ತೆ."

ನಾನು ಕಿರುಚುವುದೇ? ನಿನ್ನಾಣೆಗೂ ನನಗೆ ಗೊತ್ತಿರಲಿಲ್ಲ. ಎಂಜಲು ಕೈ ತೊಳೆಯದೆ ಕ್ಷೌರಿಕನ ಹತ್ತಿರ ಓಡಿದೆ. ಅವನು ತಲೆ ತಗ್ಗಿಸಿದ. "ಎಲ್ರೂ ಕೇಳಿದ್ದೀವಿ. ಬೇರೆ ಯಾರು ಗೋಲಿಗೆ ನಿಂತ್ರೂ ನೀವು ಕೂಗಲ್ಲ. ಇವನಿಗೆ ಮಾತ್ರ. ನಿಮ್ಮ ತಮ್ಮನ ವಿಷಯ ಗೊತ್ತಿದ್ದೂ ಹೇಗೆ ಹೇಳೋದು?"

ನೋಡು, ಅಷ್ಟು ದಿನ ವಾದ ಮಾಡಿದವರೆಲ್ಲ ನನ್ನ ಮುಖ ನೋಡಿಕೊಂಡೇ ಹುಡುಗನ ಮೇಲೆ ತಪ್ಪು ಹೊರಿಸುತ್ತಿದ್ದರು. ಹುಡುಗನೂ ಹೊತ್ತುಕೊಂಡಿದ್ದ. ಮನೆಗೆ ಬಂದು, ಯಾಕೋ ಮೊದಲೇ ಹೇಳಲಿಲ್ಲ ಎಂದು ಕೇಳಿದರೆ, "ಹೇಳಿದ್ರೆ ನೀನು ಮೈದಾನಕ್ಕೆ ಬರೋದೇ ಬಿಡ್ತೀಯ ಅಂತ," ಎಂದ. ನಾಚಿಕೆಯಿಂದ ಸತ್ತುಹೋದೆ ಅಕ್ಕ.

ಇವತ್ತು ಪಂದ್ಯಕ್ಕೆ ಮುಂಚೆ ಈ ಕೋಣೆಗೆ ಬಂದು, ಹೊರಗಿನಿಂದ ಚಿಲಕ ಹಾಕಲು ಕ್ಷೌರಿಕನಿಗೆ ಹೇಳಿದೆ. ನಗಬೇಡ, ಬಾಯಿಗೆ ಟವೆಲು ಬೇರೆ ಕಟ್ಟಿಕೊಂಡೆ. ಸುಣ್ಣದ ಚೀಲದ ಮೇಲೆ ಕೂತು ಬರೀ ಗದ್ದಲ ಕೇಳಿದೆ. ಆಟ ಮುಗಿಯಲು ಸ್ವಲ್ಪ ಹೊತ್ತಿದೆ ಎನ್ನುವಾಗ ಕಬ್ಬಿಣ ಠಣ್ಣೆಂದಿತು. ಆಮೇಲೆ ಎಲ್ಲ ನಿಶ್ಶಬ್ದ. ಆ ನಿಶ್ಶಬ್ದ ನನಗೆ ಗೊತ್ತು. ಅವತ್ತೂ ಅಷ್ಟೇ ಉದ್ದವಿತ್ತು. ಬಾಗಿಲು ಗುದ್ದಿದೆ, ಒದ್ದೆ, ಟವೆಲು ಕಿತ್ತೆಸೆದು ಚಿಕ್ಕವನ ಹೆಸರು ಹಿಡಿದು ಅತ್ತೆ. ಅಷ್ಟರಲ್ಲಿ ಹೋ ಎಂದು ಜನ ಕೂಗಿದರು.

ಚಿಲಕ ತೆಗೆದಾಗ ನಿನ್ನ ಮಗ ಎದುರಿಗೆ ನಿಂತಿದ್ದ. ಹುಬ್ಬು ಒಡೆದು ರಕ್ತ ಇಳಿಯುತ್ತಿತ್ತು. ಚೆಂಡು ಕಂಕುಳಲ್ಲೇ ಇತ್ತು.

"ಇವತ್ತು ಏನೂ ಕೇಳಿಸಲಿಲ್ಲ ಮಾವ," ಎಂದು ನಕ್ಕ.

ಮೂರು ಹೊಲಿಗೆ ಬಿದ್ದಿವೆ. ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಗಾಬರಿಯಾಗುವಂಥದ್ದೇನಿಲ್ಲ ಎಂದರು. ಪಂದ್ಯ ಗೋಲಿಲ್ಲದೆ ಮುಗಿಯಿತು, ಅವನ ಜಾಗ ಉಳಿಯಿತು. "ನಾನು ಮೊದಲೇ ಹೇಳಿರ್ಲಿಲ್ವಾ!" ಎಂದು ಡ್ರೈವರ್ ಈಗ ಊರೆಲ್ಲ ಸಾರುತ್ತಿದ್ದಾನೆ. ಹುಬ್ಬಿನ ಸುದ್ದಿ ಕೇಳಿ ನೀನು ಅವನನ್ನು ಕರೆಸಿಕೊಳ್ಳಬೇಡ. ಅವನಿದ್ದರೆ ಮನೆಯಲ್ಲಿ ಬೆಳಕಿದೆ. ಅವನು ನೂರು ವರ್ಷ ಬಾಳಲಿ, ನಿನ್ನ ಹೊಟ್ಟೆ ತಣ್ಣಗಿರಲಿ. ಭಾವನಿಗೆ ನಮಸ್ಕಾರ ತಿಳಿಸು.

ಇಂತಿ,
ನಿನ್ನ ತಮ್ಮ

ತಾ.ಕ.: ಕಾಗದ ಮಡಚಿದವನು ಮತ್ತೆ ಬಿಚ್ಚಿದೆ. ಆಗ ತಲೆಗೆ ಪೆಟ್ಟಾಗದಿರಲೆಂದು ಕಂಬಗಳಿಗೆ ಗೋಣಿ ಸುತ್ತುತ್ತಿದ್ದೆವಲ್ಲ, ಚಿಕ್ಕವನು ಹೋದ ದಿನ ಬೆಳಿಗ್ಗೆ ಬಣ್ಣ ಬಳಿಯಲು ಅದನ್ನು ಬಿಚ್ಚಿದವನು ನಾನು. ಹಸಿ ಬಣ್ಣಕ್ಕೆ ಅಂಟೀತೆಂದು ಎಡಗಂಬಕ್ಕೆ ಮತ್ತೆ ಸುತ್ತಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಚಿಕ್ಕವನು ಹಾರಿದಾಗ ಗೋಲಿನ ಹಿಂದೆಯೇ ಇದ್ದೆ. ಕೂಗು ಗಂಟಲಿಗೆ ಬಂದಿತ್ತು. ಕೂಗಿದರೆ ಅವನು ನಿಂತುಬಿಡುತ್ತಾನೆ, ಗೋಲಾಗುತ್ತದೆ ಎಂದು ನುಂಗಿಕೊಂಡೆ. ಅವತ್ತು ನಾವೇ ಗೆದ್ದೆವು. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಮುಖ ಒರೆಸುತ್ತಲೇ ಇದ್ದೆ ಎಂದು ನೀನು ಬಂದವರಿಗೆಲ್ಲ ಹೇಳುತ್ತೀಯ. ಅಣ್ಣನೆಂದರೆ ಹೀಗಿರಬೇಕು ಎನ್ನುತ್ತೀಯ. ನಾನು ಒರೆಸುತ್ತಿದ್ದದ್ದು ರಕ್ತವನ್ನಲ್ಲ ಅಕ್ಕ, ಅವನ ಹಣೆಗೆ ಅಂಟಿದ್ದ ಬಿಳಿ ಬಣ್ಣವನ್ನು, ಯಾರೂ ನೋಡುವ ಮುಂಚೆ. ನೀನು ಆ ಅಣ್ಣನನ್ನು ನಂಬಿಯೇ ನಿನ್ನ ಮಗನನ್ನು ನನ್ನ ಕೈಗೆ ಕೊಟ್ಟೆ.