ಬೆಟ್ಟದ ಮನೆ: ಎಂಟರಲ್ಲಿ ಐದು ವರ್ಷ

ಯೋವಿಕ್,
ಫೆಬ್ರುವರಿ 19

ಆಸ್ಲಾಕನಿಗೆ,

(‘ಪ್ರೀತಿಯ’ ಎಂಬ ಪದವನ್ನು ಸದ್ಯಕ್ಕೆ ತಡೆಹಿಡಿಯಲಾಗಿದೆ.)

ಬೇರೆಯಾಗಿ ಆರು ವರ್ಷದ ಮೇಲೆ ಈ ಹೆಂಗಸು ಯಾಕೆ ಕಾಗದ ಬರೆದಳು ಎಂದು ಹುಬ್ಬೇರಿಸಬೇಡ. ಮೊದಲು ಕೂತುಕೋ. ಈ ವಾರ ನನಗೆ ಎರಡು ಆಘಾತಗಳಾಗಿವೆ. ಎರಡನೆಯದಕ್ಕೆ ನೀನೇ ಹೊಣೆ.

ಬೆಟ್ಟದ ಮನೆಯನ್ನು ಮಾರಲು ಹೊರಟಿದ್ದೆ. ನನ್ನ ಮಂಡಿಗೆ ಇಲ್ಲಿನ ಮೂರನೇ ಮಹಡಿ ಸಾಕಾಗಿದೆ, ಊರಲ್ಲೇ ನೆಲಮಟ್ಟದಲ್ಲೊಂದು ಸಣ್ಣ ಮನೆ ಬೇಕು. ಓಸ್ಲೋದ ಹಲ್ಲಿನ ಡಾಕ್ಟರೊಬ್ಬ ಇಪ್ಪತ್ತಮೂರು ಲಕ್ಷ ಕ್ರೋನೆ ಕೊಡುತ್ತೇನೆ, ಶುಕ್ರವಾರ ಸಹಿ ಎಂದ. ನಾನು ಕೊಂಡದ್ದು ಮೂರು ಲಕ್ಷಕ್ಕೆ. ನಡುವಿನ ಇಪ್ಪತ್ತು ಲಕ್ಷವೂ ನನ್ನದೇ ಎಂದು ಹಾಯಾಗಿದ್ದೆ. ರಜೆಯ ಮನೆ ಮಾರಿದರೆ ತೆರಿಗೆಯಿಲ್ಲ ಎಂದು ಊರೆಲ್ಲ ಹೇಳುತ್ತದಲ್ಲ!

ಯಾವುದಕ್ಕೂ ಇರಲಿ ಎಂದು ತೆರಿಗೆ ಕಚೇರಿಗೆ ಫೋನ್ ಮಾಡಿದೆ. ಫೋನೆತ್ತಿದವಳು ದನಿ ಕೇಳಿದರೆ ನನ್ನ ಅರ್ಧ ವಯಸ್ಸಿನವಳು.

“ತೆರಿಗೆ ಇಲ್ಲ ಟೋರುನ್, ಆದ್ರೆ ಹಿಂದಿನ ಎಂಟು ವರ್ಷದಲ್ಲಿ ಐದು ವರ್ಷನಾದ್ರೂ ನೀವೇ ಹೋಗಿ ಇದ್ದು ಬಳಸಿರ್ಬೇಕು” ಎಂದಳು.

“ನನ್ನದೇ ಮನೆ ಕಣಮ್ಮ!”

“ನಿಮ್ಮದೇ. ಹೋಗಿದ್ರಾ?”

ಆ ಎಂಟರಲ್ಲಿ ಹೋಗಿದ್ದು ಮೊದಲ ಎರಡೇ ವರ್ಷ. ಆಮೇಲೆ ಮಾಡಿನ ಹಿಮ ತೆಗೆಯಲೆಂದು ಒಂದು ಕೀಲಿ ನಿನ್ನ ಬಳಿ ಬಿಟ್ಟು, ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಬೇರೆಯಾದ ಗಂಡ ಹೋಗಿ ಬಂದದ್ದು ನನ್ನ ಲೆಕ್ಕಕ್ಕೆ ಸೇರುವುದಿಲ್ಲವಂತೆ. ಹಾಗಾಗಿ ಲಾಭದ ಮೇಲೆ ನೂರಕ್ಕೆ ಇಪ್ಪತ್ತೆರಡು: ನಾಲ್ಕು ಲಕ್ಷದ ನಲವತ್ತು ಸಾವಿರ! ಬಾಯಲ್ಲಿದ್ದ ಕಾಫಿ ಕಿಟಕಿಯ ಪರದೆಗೆ ಹೋಯಿತು. ಇದು ಮೊದಲನೆಯ ಆಘಾತ.

“ಹೋಗಿದ್ದಕ್ಕೆ ಏನಾದ್ರೂ ಸಾಕ್ಷಿ ಇದ್ರೆ ನೋಡಿ. ಬೆಟ್ಟದ ಮನೆ ಪುಸ್ತಕ ಇದ್ರೂ ಆಯ್ತು” ಎಂದಳು. ಯಾರು ಬಂದರು, ಹಿಮ ಹೇಗಿತ್ತು, ಏನು ತಿಂದರು ಎಂದು ಬರೆದಿಡುವ ಪುಸ್ತಕ. ನಮ್ಮ ಜನ ಕಕ್ಕಸಿನ ಬಾಗಿಲು ಹಾಕುವುದನ್ನಾದರೂ ಮರೆತಾರು, ಅದರಲ್ಲಿ ಬರೆಯದೆ ಬೆಟ್ಟ ಇಳಿಯಲಾರರು.

ಭಾನುವಾರ ಬಸ್ಸು ಹತ್ತಿ ಹೋದೆ. ಪುಸ್ತಕ ಒಲೆಯ ಮೇಲಿನ ಹಲಗೆಯಲ್ಲೇ ಇತ್ತು. ನಿನ್ನ ಅಕ್ಷರ. ನಾವು ಬೇರೆಯಾದ ಮೇಲಿನ ಆರು ಈಸ್ಟರ್, ಆರು ಪುಟ. “ಆಸ್ಲಾಕ್ ಮತ್ತು ಟೋರುನ್. ಹಿಮ ಗಟ್ಟಿ. ಟೋರುನ್ ಎಂದಿನಂತೆ ದೋಸೆ ಸೀದಿಸಿದಳು.” ಮರುವರ್ಷ: “ಟೋರುನ್ ದಾಳದಾಟದಲ್ಲಿ ಮತ್ತೆ ಮೋಸ ಮಾಡಿದಳು. ನೋಡಿಯೂ ಸುಮ್ಮನಿದ್ದೆ.”

ಆಸ್ಲಾಕ್! ನಾನು ನೂರು ಕಿಲೋಮೀಟರ್ ದೂರದಲ್ಲಿ ಒಬ್ಬಳೇ ಸೂಪು ಕುಡಿಯುತ್ತಿದ್ದೆ. ಅಲ್ಲಿಂದ ಮೋಸ ಮಾಡುವಷ್ಟು ಉದ್ದ ಕೈ ನನಗಿಲ್ಲ. ಇಪ್ಪತ್ತೆಂಟು ವರ್ಷ ಒಂದೇ ಮನೆಯಲ್ಲಿದ್ದು “ಹೂಂ” ಬಿಟ್ಟು ಎರಡನೇ ಮಾತಾಡದ ಗಂಡಸು, ನಾನಿಲ್ಲದ ಕುರ್ಚಿಯ ಬಗ್ಗೆ ಪುಟ ತುಂಬ ಬರೆದಿದ್ದಾನೆ! ನಾನು ಬಿಟ್ಟು ಹೋದದ್ದೇ ಆ “ಹೂಂ” ತಾಳಲಾರದೆ. ಕೋಟೂ ತೆಗೆಯದೆ ಒಂದು ಗಂಟೆ ಕೂತಿದ್ದೆ.

ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಪುಸ್ತಕ ಕಳಿಸಿದರೆ ನಾಲ್ಕು ಲಕ್ಷದ ನಲವತ್ತು ಸಾವಿರ ಉಳಿಯುತ್ತದೆ. ಸೋಮವಾರ ಮತ್ತೆ ಫೋನ್ ಮಾಡಿದೆ. ಅವಳೇ ಸಿಕ್ಕಳು.

“ಪುಸ್ತಕದಲ್ಲಿ ಪ್ರತಿ ವರ್ಷವೂ ನನ್ನ ಹೆಸರಿದೆ” ಎಂದೆ.

“ಅಯ್ಯೋ, ಒಳ್ಳೇದಾಯ್ತಲ್ಲ! ಹಾಗಾದ್ರೆ ಹೋಗಿದ್ರಿ?”

“ಇಲ್ಲ. ನನ್ನ ಗಂಡ ಬರೆದದ್ದು.”

“ಬೇರೆ ಆಗಿದೀವಿ ಅಂದ್ರಲ್ಲ?”

“ಆ ಸುದ್ದಿ ಅವನಿಗಿನ್ನೂ ತಲುಪಿದ ಹಾಗಿಲ್ಲ” ಎಂದೆ.

ಆ ಕಡೆ ಕೀಲಿಮಣೆ ಕುಟ್ಟುವ ಸದ್ದು ಕೇಳಿಸಿತು. ಆಮೇಲೆ, “ಟೋರುನ್, ಇದಕ್ಕೆ ನಮ್ಮಲ್ಲಿ ಅರ್ಜಿ ನಮೂನೆ ಇಲ್ಲ” ಎಂದಳು.

ಹಲ್ಲಿನ ಡಾಕ್ಟರಿಗೆ ಬೇಡವೆಂದು ತಿಳಿಸಿದ್ದೇನೆ. ಮಂಡಿ ಇನ್ನಷ್ಟು ದಿನ ಮೆಟ್ಟಿಲು ಹತ್ತಲಿ. ಈಸ್ಟರಿಗೆ ನಾನು ಬೆಟ್ಟಕ್ಕೆ ಬರುತ್ತೇನೆ, ಖುದ್ದಾಗಿ, ಕಾನೂನುಬದ್ಧವಾಗಿ. ಕಿತ್ತಳೆ ಸುಲಿಯದೆ ಬೆಟ್ಟದಲ್ಲಿ ಈಸ್ಟರ್ ಆಗುವುದಿಲ್ಲವಲ್ಲ, ಅದನ್ನು ನೀನು ತಾ. ಪುಸ್ತಕದಲ್ಲಿ ನನ್ನ ಸಾಲು ನಾನೇ ಬರೆದುಕೊಳ್ಳುತ್ತೇನೆ.

ಪ್ರೀತಿಯ (ತಡೆ ತೆರವಾಗಿದೆ),
ಟೋರುನ್

ಮರೆತ ಮಾತು: ದಾಳದಾಟದಲ್ಲಿ ಆಗೆಲ್ಲ ನಾನು ಮೋಸ ಮಾಡುತ್ತಿದ್ದದ್ದು ನಿಜ. ನೀನು ಬಾಯಿಬಿಟ್ಟು ಬೈಯುತ್ತೀಯೇನೋ ಎಂದು ಕಾಯುತ್ತಿದ್ದೆ. ಇನ್ನು, ಎಂಟರಲ್ಲಿ ಐದು ವರ್ಷ ಸಾಕು ಎನ್ನುತ್ತದೆ ಕಾನೂನು. ನಾನು ಎಂಟಕ್ಕೂ ಬರುವವಳು. ತೆರಿಗೆಯವರ ಜೊತೆ ತಕರಾರು ನಮಗೇಕೆ?