ಎಡಗೈ ತಾಳ

ನರಸಿಂಹರಾಜಪುರ
೧೨ ಆಗಸ್ಟ್ ೨೦೦೮

ಡಾ. ಪ್ರಸನ್ನಕುಮಾರ್ ಅವರಿಗೆ ನಮಸ್ಕಾರ.

ಮಕ್ಕಳ ಸಂಗೀತ ಕಲಿಕೆಯ ಬಗ್ಗೆ ನೀವು ಬರೆದ ಸಂಶೋಧನಾ ಗ್ರಂಥ ಅಂಚೆಯಲ್ಲಿ ಬಂತು. ಎಡಗೈಯಲ್ಲಿ ತಾಳ ಹಾಕಿಸಿದರೆ ಲಯ ಬೇಗ ಕೂರುತ್ತದೆ ಎಂಬ ಅಧ್ಯಾಯವನ್ನು ಎರಡು ಸಲ ಓದಿದೆ. ಅದಕ್ಕೆ ಆಧಾರ ನನ್ನ ಪಾಠದ ಜಗಲಿ ಎಂದಿದೆ.

ಸ್ವಾಮಿ, ಮೂರು ವರ್ಷದ ಕೆಳಗೆ ನೀವು ಬರುವ ಹಿಂದಿನ ವಾರವಷ್ಟೇ ನನ್ನ ಶಿಷ್ಯೆ ನಿಶ್ಚಿತಾಳ ಬಲಗೈ ಪ್ಲಾಸ್ಟರ್ ಬಿಚ್ಚಿದ್ದರು. ಪೇರಲೆ ಮರದಿಂದ ಬಿದ್ದಿದ್ದಳು. ಆ ಕೈಯಿಂದ ಎರಡು ತಿಂಗಳು ಏನನ್ನೂ ತಟ್ಟಬಾರದು ಎಂದಿದ್ದರು ಡಾಕ್ಟರು. ಅವಳೊಬ್ಬಳೇ ಬೇರೆಯಾಗಬಾರದೆಂದು ಉಳಿದ ಮಕ್ಕಳೂ ಎಡಗೈಯಲ್ಲೇ ತಾಳ ಹಾಕಿದರು. ನೀವು ಮೂಲೆಯಲ್ಲಿ ಕೂತು ಬರೆದುಕೊಂಡಿರಿ, ಕ್ಯಾಮೆರಾ ಹಿಡಿದಿರಿ, ನನ್ನ ಕಾಫಿ ಹೊಗಳಿದಿರಿ. ಯಾಕೆ ಎಂದು ಒಮ್ಮೆಯೂ ಕೇಳಲಿಲ್ಲ.

ಮೊನ್ನೆ ಕೊಪ್ಪದಲ್ಲಿ ನಡೆದ ತರಬೇತಿಯಲ್ಲಿ ನಲವತ್ತು ಶಿಕ್ಷಕರು ನಿಮ್ಮ ಪದ್ಧತಿಯಂತೆ ಎಡಗೈಯಲ್ಲಿ ತೊಡೆ ತಟ್ಟಿದರು. ನಾನು ಎದ್ದು ನಿಂತು, ನಡೆದದ್ದನ್ನು ಹೇಳಿದೆ. "ನಿಮ್ಮದೆಲ್ಲ ಹಳೇ ಕಾಲದ್ದು ಮಾರಾಯ್ರೆ, ಸಂಶೋಧನೆ ಬೇರೆನೇ ಹೇಳ್ತದೆ" ಎಂದರು ತರಬೇತುದಾರರು.

ನಿಶ್ಚಿತಾ ಈಗ ಹೈಸ್ಕೂಲಿನಲ್ಲಿದ್ದಾಳೆ. ಬಲಗೈಯಲ್ಲಿ ತಾಳ ಹಾಕಿದಳೆಂದು ಕಳೆದ ವಾರ ಅವಳನ್ನು ಶಾಲೆಯ ಹಾಡಿನ ತಂಡದಿಂದ ಕೈಬಿಟ್ಟಿದ್ದಾರೆ. "ನನ್ನ ಕೈ ಸರಿಯಾಗಿ ಮೂರು ವರ್ಷ ಆಯ್ತಲ್ಲ ಟೀಚರ್, ಇವರಿಗೆ ಯಾರೂ ಹೇಳಿಲ್ವಾ?" ಎಂದು ಕೇಳಿದಳು.

ನಾನು ಹೇಳಿದ್ದಾಯಿತು. ಬರಹದಲ್ಲಿದ್ದರೆ ಮಾತ್ರ ನಿಮ್ಮವರು ನಂಬುವುದರಿಂದ ಆಸ್ಪತ್ರೆಯ ಚೀಟಿಯ ಜೆರಾಕ್ಸ್ ಇಟ್ಟಿದ್ದೇನೆ. ಮುಂದಿನ ಮುದ್ರಣದಲ್ಲಿ ಅಡಿಟಿಪ್ಪಣಿಯಾಗಿಯಾದರೂ ಸೇರಿಸಿ.

ಇಂತಿ, ನಿಮ್ಮ ಪುಸ್ತಕದ ‘ಮಾಹಿತಿದಾರೆ ೪’,
ಹೆಸರು ನೀಲಾಂಬಿಕೆ