ಗೂಟ ಕಿತ್ತ ಕ್ಯಾಪ್ಟನ್ನಿಗೆ ಅಮಾನತು

ಮೈದಾನಕ್ಕೂ ಮೈಕಿಗೂ ಒಡೆಯರಾದ ಮಾನ್ಯ ಪ್ರಾಂಶುಪಾಲರೇ,

ನಮ್ಮ ಕಾಲೇಜಿನ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡದ ಕ್ಯಾಪ್ಟನ್ ಸುಮಲತಾಳನ್ನು ತಾವು ಎರಡು ಪಂದ್ಯಗಳ ಮಟ್ಟಿಗೆ ಅಮಾನತು ಮಾಡಿದ್ದೀರಿ. ಆಕೆ ಯಾರನ್ನೂ ಒದ್ದಿಲ್ಲ. ರೆಫರಿಯನ್ನು ಬೈದಿಲ್ಲ. ಕ್ಲಾಸು ತಪ್ಪಿಸಿಲ್ಲ. ಆಟದ ಮೈದಾನದಲ್ಲಿ ಹುಗಿದಿದ್ದ ಕಬ್ಬಿಣದ ಗೂಟಗಳನ್ನು ಕಿತ್ತು ಹಾಕಿದಳು, ಅದೇ ಆಕೆಯ ಅಪರಾಧ. ಲೀಗ್ ಅರ್ಧ ಮುಗಿದಾಗ ತಾವೇ ಪೋಷಕರ ಸಭೆ ಕರೆದು, ತಂಡ ಇನ್ನು ಮೇಲಾದರೂ ಸುಧಾರಿಸಬೇಕು ಎಂದು ಮುಕ್ಕಾಲು ತಾಸು ಉಪದೇಶ ಮಾಡಿದಿರಿ. ಆ ಮಾತನ್ನು ನಿಜವೆಂದು ನಂಬಿ ಸುಧಾರಣೆ ಶುರುಮಾಡಿದವಳು ಅವಳೊಬ್ಬಳೇ. ಅವಳನ್ನೇ ಹೊರಗೆ ಕೂರಿಸಿದ್ದೀರಿ. ತಮ್ಮ ಶಿಸ್ತುಪ್ರೇಮಕ್ಕೆ ನಮೋ ನಮಃ.

ನಾನು ಆ ತಂಡದ ಗೋಲ್‌ಕೀಪರ್ ಶಿವಗಂಗಾಳ ತಾಯಿ. ತಾಲ್ಲೂಕು ಕಚೇರಿಯ ಎದುರು ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಇಷ್ಟು ವರ್ಷ ಊರವರ ದೂರುಗಳನ್ನೆಲ್ಲ "ತಮ್ಮಲ್ಲಿ ವಿನಮ್ರವಾಗಿ ಪ್ರಾರ್ಥಿಸಿಕೊಳ್ಳುವುದೇನೆಂದರೆ" ಎಂದು ಟೈಪ್ ಮಾಡಿಕೊಟ್ಟು ಬೆರಳು ಸವೆದಿವೆ. ನನ್ನದೇ ದೂರನ್ನು, ಅದೂ ಎಲ್ಲರೂ ಓದಲೆಂದು ಬಹಿರಂಗವಾಗಿ, ಬರೆಯುತ್ತಿರುವುದು ಇದೇ ಮೊದಲು. ಹಾಗಾಗಿ ವಿನಮ್ರತೆ ಸ್ವಲ್ಪ ಕಡಿಮೆ ಬಿದ್ದರೆ ಮನ್ನಿಸಬೇಕು. ನಮ್ಮದು ಯಾವ ಊರಿನ ಕಾಲೇಜು ಎಂದು ಇಲ್ಲಿ ಹೇಳುತ್ತಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರುಗಳ ತಂಡಗಳು ಸೇರಿ ಲೀಗ್ ಆಡುತ್ತಿವೆ. ಓದಿದವರು ತಮ್ಮ ತಮ್ಮ ಮೈದಾನಕ್ಕೆ ಒಂದು ಸುತ್ತು ಹೋಗಿ ನೋಡಿಕೊಂಡರೆ ಯಾರಿಗೂ ನಷ್ಟವಿಲ್ಲ.

ಸತ್ಯ ಒಪ್ಪಿಕೊಳ್ಳುತ್ತೇನೆ. ಮೊದಲರ್ಧದಲ್ಲಿ ನಾಲ್ಕು ಪಂದ್ಯ ಆಡಿ ಮೂರು ಸೋತೆವು. ಒಂದು ಡ್ರಾ ಆಯಿತು, ಅದೂ ಎದುರಾಳಿಗಳು ಗೋಲು ಹೊಡೆಯುವುದನ್ನು ಮರೆತದ್ದರಿಂದ. ತಂಡದಲ್ಲಿ ದೋಷವಿಲ್ಲ ಎಂದು ಹೇಳುವಷ್ಟು ಕುರುಡು ತಾಯಿ ನಾನಲ್ಲ. ಚೆಂಡು ಎಲ್ಲಿದೆಯೋ ಅಲ್ಲಿಗೆ ಹತ್ತೂ ಹುಡುಗಿಯರು ಕಾಳಿಗೆ ಕೋಳಿ ಮುತ್ತಿದಂತೆ ಮುತ್ತುತ್ತಾರೆ. ಸುಮಲತಾಳ ಕಾಲಿಗೆ ಚೆಂಡು ಸಿಕ್ಕರೆ ಪಕ್ಕದವಳಿಗೆ ಕೊಡಲು ಮನಸ್ಸೇ ಬರುವುದಿಲ್ಲ. ಕಾರ್ನರ್ ಕಿಕ್ ಬಂದಾಗ ಎದುರಾಳಿಯನ್ನು ಕಾಯಬೇಕಾದವರು ಆಕಾಶ ನೋಡುತ್ತಾರೆ. ನನ್ನ ಮಗಳು ಗೋಲಿನಿಂದ ಒದ್ದ ಚೆಂಡು ಅರ್ಧ ಮೈದಾನವನ್ನೂ ಮುಟ್ಟುವುದಿಲ್ಲ. ಇವನ್ನೆಲ್ಲ ತಿದ್ದಲು ಒಬ್ಬ ತರಬೇತುದಾರ ಬೇಕಲ್ಲವೇ? ತಾವು ಕೊಟ್ಟಿರುವುದು ಇತಿಹಾಸದ ಅತಿಥಿ ಉಪನ್ಯಾಸಕ ಬೀರಲಿಂಗೇಶ್ ಅವರನ್ನು. ಪುಣ್ಯಾತ್ಮ ಬೆಳಗ್ಗೆ ಎದ್ದು ಬರುತ್ತಾರೆ, ಮೊಬೈಲಿನಲ್ಲಿ ಆಟ ನೋಡಿ ಕಲಿತು ಕಲಿಸುತ್ತಾರೆ. "ಮೇಡಂ, ನಾ ಇತಿಹಾಸ ಹೇಳಾಂವ. ಸೋತ ರಾಜರ ಕಥಿ ಎಷ್ಟ ಬೇಕಾದ್ರೂ ಹೇಳ್ತೀನಿ, ಗೆಲ್ಲೋದು ಈಗ ಕಲಿಯಾಕ ಹತ್ತೀನಿ" ಎಂದು ನನ್ನ ಹತ್ತಿರ ನಕ್ಕಿದ್ದರು.

ಇನ್ನು ತಾವು ಸಭೆಯಲ್ಲಿ ಎತ್ತಿದ ದೊಡ್ಡ ಪ್ರಶ್ನೆಗೆ ಬರುತ್ತೇನೆ. ನಮ್ಮ ತಂಡ ಬರೀ ಎಡಗಡೆಯಿಂದ ಮುನ್ನುಗ್ಗುತ್ತದೆ, ಬಲಗಡೆ ಎಂಬುದೊಂದು ಇದೆ ಎಂಬ ಪರಿಜ್ಞಾನವೇ ಇಲ್ಲ, ಇದು ಬುದ್ಧಿಯ ಕೊರತೆ ಎಂದಿರಿ. ಎಂಥ ಸೂಕ್ಷ್ಮ ದೃಷ್ಟಿ! ಆದರೆ ಅದೇ ದೃಷ್ಟಿಗೆ ನಮ್ಮ ಮೈದಾನದ ಬಲಗಡೆ, ಗೆರೆಯ ಒಳಗೇ ಎದ್ದು ನಿಂತ ಕಾಂಕ್ರೀಟ್ ವೇದಿಕೆ ಕಾಣಲಿಲ್ಲವೇ? ಯಾವುದೋ ಸಮಾರಂಭಕ್ಕೆ "ತಾತ್ಕಾಲಿಕ" ಎಂದು ಕಟ್ಟಿಸಿದ್ದು, ಮೂರು ವರ್ಷದಿಂದ ಹಾಗೇ ಇದೆ. ದಿನಾ ಅಭ್ಯಾಸ ಒಂದೇ ಗೋಲಿನ ಕಡೆಗೆ; ವೇದಿಕೆಯ ಬದಿಗೆ ಓಡಿದವರು ಮೊಣಕಾಲು ಕೆತ್ತಿಸಿಕೊಂಡೇ ಬಂದಿದ್ದಾರೆ. ನಮ್ಮ ಹುಡುಗಿಯರು ಎಡಗಡೆ ಆಡುವುದನ್ನು ಪುಸ್ತಕ ಓದಿ ಕಲಿತಿಲ್ಲ, ಕಾಲು ಉಳಿಸಿಕೊಳ್ಳಲು ಕಲಿತರು.

ಹರಪನಹಳ್ಳಿಯ ಪಂದ್ಯಕ್ಕೆ ನಾನೂ ಹೋಗಿದ್ದೆ. ಅಲ್ಲಿ ಬಲಗಡೆ ಹಸಿರು ಹುಲ್ಲು ಹಾಸಿದಂತೆ ಬಿದ್ದಿತ್ತು, ಕಾಯುವವರೂ ಇರಲಿಲ್ಲ. ನಮ್ಮವರು ಒಬ್ಬರೂ ಆ ಕಡೆ ಕಾಲಿಡಲಿಲ್ಲ. ಪಕ್ಕದಲ್ಲಿ ಕೂತು ಶೇಂಗಾ ತಿನ್ನುತ್ತಿದ್ದ ಆ ಊರಿನ ಹಿರಿಯರೊಬ್ಬರು ತಡೆಯಲಾರದೆ ಕೇಳಿದರು: "ಏನಮ್ಮಾ, ನಿಮ್ ಹುಡುಗೀರು ಆ ಕಡೆ ಯಾಕ್ ಹೋಗಲ್ಲ? ಅಲ್ಲೇನು ಹಾವೈತಾ?" ಹಾವಿರಲಿಲ್ಲ; ನಮ್ಮ ಮಕ್ಕಳು ಅಲ್ಲಿ ಇಲ್ಲದ ವೇದಿಕೆಗೆ ಹೆದರಿ ಆಡುತ್ತಿದ್ದರು.

ನನ್ನ ಮಗಳ ಕಥೆ ಅದಕ್ಕಿಂತ ಹತ್ತಿರದ್ದು. ಲೀಗ್ ಶುರುವಾಗುವ ಮುಂಚೆ ತಾವು ಮೈದಾನವನ್ನು ಬೈಕ್ ಮಾರಾಟದ ಮೇಳಕ್ಕೆ ಬಿಟ್ಟುಕೊಟ್ಟಿರಿ. ಮೇಳ ಮುಗಿಯಿತು. ಶಾಮಿಯಾನದವರು ಬಟ್ಟೆ ಬಿಚ್ಚಿಕೊಂಡು ಹೋದರು, ಗೂಟ ಹಾಗೇ ಬಿಟ್ಟರು. ಅದರ ಮೇಲೆ ಗರಿಕೆ ಬೆಳೆಯಿತು. ಒಂದು ಬೆಳಗ್ಗೆ ಅಭ್ಯಾಸದಲ್ಲಿ ಶಿವಗಂಗಾ ಚೆಂಡು ಹಿಡಿಯಲು ಎಡಕ್ಕೆ ಹಾರಿ ಬಿದ್ದಳು. ಕೆಳಗಿದ್ದ ಗೂಟ ಮೊಣಕೈಯಿಂದ ಮುಂಗೈವರೆಗೆ ಸೀಳಿತು. ಅಂದು ನನ್ನ ಯಜಮಾನರು, ಹುಲುಗಪ್ಪ ಕಂಡಕ್ಟರ್, ಬಸ್ಸಿನ ಡ್ಯೂಟಿ ಮೇಲಿದ್ದರು. ಬೀರಲಿಂಗೇಶ್ ಸರ್ ತಮ್ಮ ಬೈಕಿನಲ್ಲಿ ಅವಳನ್ನು ಆಸ್ಪತ್ರೆಗೆ ಒಯ್ದರು, ಹಿಂದೆ ಸುಮಲತಾ ಕೂತು ತನ್ನ ವೇಲಿನಿಂದ ಗಾಯ ಒತ್ತಿ ಹಿಡಿದಿದ್ದಳು. ನಾನು ಅಂಗಡಿ ಮುಚ್ಚಿ ಓಡಿ ಹೋಗುವಷ್ಟರಲ್ಲಿ ಹೊಲಿಗೆ ಹಾಕುತ್ತಿದ್ದರು. ಮಗಳು ಅಳಲಿಲ್ಲ. "ಅವ್ವಾ, ಚೆಂಡು ಹಿಡದ್ನಿ" ಎಂದಳು.

ಮರುದಿನ ತಮ್ಮ ಕೊಠಡಿಗೆ ಬಂದಿದ್ದೆ, ನೆನಪಿರಬಹುದು. ಗೂಟ ತೆಗೆಸಿ ಎಂದು ಕೇಳಿದೆ. ತಾವು ಚಹಾ ಕುಡಿಯುತ್ತಾ ಸಮಾಧಾನ ಹೇಳಿದಿರಿ: "ಆಟ ಅಂದ ಮ್ಯಾಲ ಗಾಯ ಆಗ್ತಾವ್ರಿ ಅಮ್ಮ. ತುಂಬು ತೋಳಿನ ಅಂಗಿ ಹಾಕ್ಕೊಳ್ಳಾಕ ಹೇಳ್ರಿ." ಕಬ್ಬಿಣಕ್ಕೆ ಬಟ್ಟೆಯ ಮದ್ದು! ಈ ಸಂಶೋಧನೆಯನ್ನು ತಾವೊಬ್ಬರೇ ಇಟ್ಟುಕೊಳ್ಳಬಾರದು, ಲೋಕಕ್ಕೆ ತಿಳಿಯಬೇಕು ಎಂದೇ ಇಲ್ಲಿ ಬರೆದಿದ್ದೇನೆ.

ಗಾಯ ಮಾಯಿತು, ಅವಳು ಮತ್ತೆ ಗೋಲಿನಲ್ಲಿ ನಿಂತಳು. ಹಡಗಲಿ ತಂಡ ನಮ್ಮೂರಿಗೆ ಬಂದಿತ್ತು. ಅದೇ ಗೋಲು, ಅದೇ ಎಡಗಡೆ ಒಂದು ಚೆಂಡು ನೆಲದ ಮೇಲೆ ಉರುಳುತ್ತಾ ಬಂತು. ಎಳೆಯ ಕೂಸೂ ಹಿಡಿಯಬಹುದಾದ ಚೆಂಡು. ಶಿವಗಂಗಾ ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟಳು. ಗೋಲಾಯಿತು. ಆಗ ಮೈಕಿನಲ್ಲಿ ತಮ್ಮ ಧ್ವನಿ ಮೊಳಗಿತು: "ಗೋಲು ಕಾಯುವವರಿಗೆ ನೆಲಕ್ಕೆ ಬೀಳುವ ಧೈರ್ಯ ಇರಬೇಕು. ಬಟ್ಟೆ ಕೊಳೆಯಾದೀತೆಂಬ ಚಿಂತೆ ಇದ್ದವರು ಮನೆಯಲ್ಲಿರಬೇಕು." ಜನ ನಕ್ಕರು. ತಾವೂ ನಕ್ಕಿರಿ. ಮನೆಗೆ ಬಂದ ಮಗಳು ಊಟಕ್ಕೆ ಕೂರಲಿಲ್ಲ. ನನ್ನ ಹತ್ತಿರ ಬಂದು ಹೇಳಿದಳು: "ಬೀಳಾಕ ಹೆದರಿಕಿ ಇಲ್ಲವ್ವಾ. ಕೆಳಗ ಏನೈತಿ ಅಂತ ಗೊತ್ತಾಗಂಗಿಲ್ಲಲ್ಲ, ಅದಕ್ಕ ಕಾಲು ಬರವಲ್ವು."

ಪ್ರಾಂಶುಪಾಲರೇ, ಧೈರ್ಯದ ಬಗ್ಗೆ ಮಾತಾಡಿದಿರಲ್ಲ, ತಾವು ಆ ಗೋಲಿನ ಬಾಯಲ್ಲಿ ಒಮ್ಮೆಯಾದರೂ ನಡೆದಿದ್ದೀರಾ? ಬೀಳುವುದು ಬೇಡ, ನಡೆದಿದ್ದೀರಾ?

ಸಭೆಯ ನಂತರ ಬೀರಲಿಂಗೇಶ್ ಸರ್ ಮೈದಾನ ಸ್ವಚ್ಛ ಮಾಡಿಸಿ ಎಂದು ತಮಗೆ ಮತ್ತೊಮ್ಮೆ ಮನವಿ ಕೊಟ್ಟರು. ಉತ್ತರವಿಲ್ಲ. ಆಗ ಸುಮಲತಾ ಹುಡುಗಿಯರನ್ನು ಸೇರಿಸಿ, "ಸರ್ ಸುಧಾರಿಸ್ರಿ ಅಂದಾರ, ಎಲ್ಲಿಂದ ಶುರು ಮಾಡ್ಬೇಕು ಅಂತ ಹೇಳಿಲ್ಲ. ನಾವು ಕಾಲ ಕೆಳಗಿಂದ ಶುರು ಮಾಡೋಣು" ಎಂದಳಂತೆ. ಭಾನುವಾರ ಬೆಳಗ್ಗೆ ತಂಡವೆಲ್ಲ ಮೈದಾನದಲ್ಲಿ ಸೇರಿತು. ನಾವು ಕೆಲವು ತಾಯಂದಿರೂ ಹೋದೆವು. ಸುಮಲತಾಳ ತಾಯಿ ನಾಗಲಿಂಗಮ್ಮ ಶೇಂಗಾ ವ್ಯಾಪಾರದ ಮನೆಯವರು, ರೇಷ್ಮೆ ಸೀರೆ ಬಿಟ್ಟು ಹೊರಗೆ ಕಾಣಿಸಿಕೊಂಡವರಲ್ಲ. ಅಂದು ಹಳೆ ಸೀರೆ ಕಚ್ಚೆ ಕಟ್ಟಿ, ಗೋದಾಮಿನಿಂದ ಎರಡು ಹಾರೆ ಹೊರಿಸಿಕೊಂಡು ಬಂದರು. "ಮಾರೆಮ್ಮಕ್ಕಾ, ನಮ್ಮ ಹುಡುಗ್ಯಾರು ಬಿದ್ರ ಮಣ್ಣಾಗ ಬೀಳ್ಲಿ. ಕಬ್ಬಿಣದ ಮ್ಯಾಲ ಬೀಳಾಕ ನಾವೇನು ಹಡದೇವೇನು?" ಎಂದು ನನಗೆ ಹೇಳಿದವರೇ ಮೊದಲ ಗೂಟಕ್ಕೆ ಹಾರೆ ಹಾಕಿ ಮೀಟಿದರು. ಅದು ಹೊರಬಂದಾಗ ಹುಡುಗಿಯರು ಗೋಲು ಹೊಡೆದಂತೆ ಕೂಗಿದರು. ಬಿಸಿಲೇರುವಷ್ಟರಲ್ಲಿ ಒಂದು ಗೋಣಿಚೀಲ ತುಂಬಾ ಗೂಟ, ಒಡೆದ ಬಾಟಲಿ, ತಂತಿ. ಆಮೇಲೆ ಸುಮಲತಾ ಗೋಲಿನ ಬಾಯಲ್ಲಿ ಮಂಡಿಯೂರಿ ಗೇಣುಗೇಣು ಜಾಗ ಕೈಯಾಡಿಸಿ ನೋಡಿದಳು.

ಅಭ್ಯಾಸ ಶುರುವಾಯಿತು. ಸುಮಲತಾ ಎಡಕ್ಕೆ ಒದ್ದಳು. ಶಿವಗಂಗಾ ಮತ್ತೆ ಎರಡು ಹೆಜ್ಜೆ ಇಟ್ಟು ನಿಂತಳು. ಇನ್ನೊಂದು ಒದ್ದಳು, ಮತ್ತೆ ಹಾಗೇ. ಆಗ ಸುಮಲತಾ ಏನು ಮಾಡಿದಳು ಗೊತ್ತೇ? ಓಡಿಬಂದು ಗೋಲಿನ ಬಾಯಲ್ಲಿ ಉದ್ದಕ್ಕೆ ಮಲಗಿ, ಈ ಕಂಬದಿಂದ ಆ ಕಂಬದವರೆಗೆ ಉರುಳಿದಳು. ಮೈಯೆಲ್ಲ ಕೆಂಪು ಮಣ್ಣು, ಬಾಯಲ್ಲೂ ಮಣ್ಣು. ಎದ್ದು ನಿಂತು, "ನೋಡಲೇ ಗಂಗಿ, ಏನೂ ಇಲ್ಲ. ಈಗರ ಬೀಳಲೇ!" ಎಂದಳು. ಮುಂದಿನ ಚೆಂಡಿಗೆ ನನ್ನ ಮಗಳು ಹಾರಿದಳು. ಬಿದ್ದಳು. ಚೆಂಡನ್ನು ಎದೆಗವಚಿಕೊಂಡು ಅಲ್ಲೇ ಮಲಗಿ ನಕ್ಕಳು. ಗಾಯವಾದ ದಿನ ಅಳದವಳು ನಗುತ್ತಾ ನಗುತ್ತಾ ಅತ್ತಳು. ತಾವು ಮುಕ್ಕಾಲು ತಾಸಿನಲ್ಲಿ ತುಂಬಲಾಗದ ಧೈರ್ಯವನ್ನು ಆ ಹುಡುಗಿ ಒಂದು ಉರುಳಿನಲ್ಲಿ ತುಂಬಿದಳು.

ಸೋಮವಾರ ಶಾಮಿಯಾನದವರು ದೂರು ಕೊಟ್ಟರು. ಮುಂದಿನ ಮೇಳಕ್ಕೆಂದು ಬಿಟ್ಟಿದ್ದ ಗೂಟವಂತೆ. ತಾವು ತಂಡವನ್ನು ಸಾಲಾಗಿ ನಿಲ್ಲಿಸಿ, "ಯಾರು ಕಿತ್ತಿದ್ದು?" ಎಂದಿರಿ. ಸುಮಲತಾ "ನಾನ್ರೀ ಸರ್" ಎಂದಳು. ಹಿಂದೆಯೇ ಶಿವಗಂಗಾ, ಅವಳ ಹಿಂದೆ ಎಲ್ಲರೂ "ನಾವೂ ಕಿತ್ತೀವ್ರಿ" ಎಂದರು. ಎಲ್ಲರನ್ನೂ ಅಮಾನತು ಮಾಡಿದರೆ ತಂಡವೇ ಇರುವುದಿಲ್ಲ, ತಂಡವಿಲ್ಲದಿದ್ದರೆ ತಮ್ಮ ಭಾಷಣವೂ ಇರುವುದಿಲ್ಲ. ಹಾಗಾಗಿ ಮೊದಲು ಒಪ್ಪಿಕೊಂಡವಳಿಗೆ ಮಾತ್ರ ಶಿಕ್ಷೆ. ಸತ್ಯ ಹೇಳುವುದರಲ್ಲಿ ಆತುರ ಪಡಬಾರದು ಎಂಬ ಪಾಠವನ್ನು ನಮ್ಮ ಮಕ್ಕಳು ಇಷ್ಟು ಚೆನ್ನಾಗಿ ಬೇರೆಲ್ಲಿ ಕಲಿತಾರು?

ಕಾಲೇಜಿನ ಪ್ರಿಂಟರ್ ಕೆಟ್ಟಿತ್ತಂತೆ. ತಮ್ಮ ಜವಾನ ಚೌಡಣ್ಣ ಆ ಆದೇಶದ ಕರಡನ್ನು ಟೈಪ್ ಮಾಡಿಸಲು ತಂದದ್ದು ನನ್ನ ಅಂಗಡಿಗೇ. ಪಾಪ, ತಲೆ ಎತ್ತದೆ ನಿಂತಿದ್ದ. "ಅಕ್ಕಾರ, ಬ್ಯಾರೆ ಕಡಿ ಹೋಗ್ಲೇನ್ರಿ?" ಎಂದ. ಬೇಡಪ್ಪ, ಕೂಡು ಎಂದೆ. "ಕಾಲೇಜಿನ ಆಸ್ತಿಗೆ ಧಕ್ಕೆ", "ಅನುಮತಿಯಿಲ್ಲದ ಅಗೆತ", "ಶಿಸ್ಥು ಉಲ್ಲಂಘನೆ", ಎಲ್ಲವನ್ನೂ ಟೈಪ್ ಮಾಡಿದೆ. ಶಿಸ್ತಿಗೆ ಮಹಾಪ್ರಾಣ ಬೇಡ, ತಿದ್ದಿದ್ದೇನೆ. ಗಮನಿಸಿರಬಹುದು.

ಆಮೇಲೆ ಹಡಗಲಿಗೆ ಹೋಗಿ ಆಡಬೇಕಿತ್ತು. ಹುಡುಗಿಯರು ಸುಮಲತಾಳ ಜಾಗಕ್ಕೆ ಬೇರೆಯವರನ್ನು ಇಳಿಸಲು ಒಪ್ಪಲಿಲ್ಲ. ಹತ್ತೇ ಜನ ಆಡಿದರು. ಶಿವಗಂಗಾ ಎಡಕ್ಕೂ ಬಿದ್ದಳು, ಬಲಕ್ಕೂ ಬಿದ್ದಳು, ಒಂದು ಪೆನಾಲ್ಟಿ ತಡೆದಳು. ಮೊದಲ ಸಲ ನಮ್ಮವರು ಬಲಗಡೆಯಿಂದ ಓಡಿ ಗೋಲು ಹೊಡೆದರು. ಒಂದಕ್ಕೊಂದು ಸಮ. ಸಂಜೆ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ತಮ್ಮ ಫೋಟೊ ಬಂತು, ಕೆಳಗೆ "ಪ್ರಾಂಶುಪಾಲರ ಮಾರ್ಗದರ್ಶನದ ಫಲ" ಎಂಬ ಸಾಲು. ಅಭಿನಂದನೆಗಳು. ಹತ್ತು ಜನರಿಂದ ಇಷ್ಟು ಫಲ ಬಂದರೆ, ಹನ್ನೊಂದನೆಯವಳನ್ನೂ ಆಡಿಸಿದರೆ ತಮ್ಮ ಕೀರ್ತಿ ಎಲ್ಲಿಗೆ ಮುಟ್ಟೀತು, ಯೋಚಿಸಿ ನೋಡಿ.

ಬರುವ ಭಾನುವಾರ ನಮ್ಮೂರಲ್ಲೇ ಪಂದ್ಯ. ನಿನ್ನೆ ಸುಮಲತಾ ಮನೆಗೆ ಬಂದಿದ್ದಳು. ಎಲ್ಲಿ ಕೂತು ನೋಡ್ತೀಯವ್ವಾ ಎಂದು ಕೇಳಿದೆ. "ಕಂಪೌಂಡಿನ ಹೊರಗ ನಿಂದ್ರತೀನ್ರಿ ಆಂಟಿ. ಆಡಬ್ಯಾಡ ಅಂದಾರ, ಕೂಗಬ್ಯಾಡ ಅಂದಿಲ್ಲಲ್ಲ" ಎಂದು ನಕ್ಕಳು. ನಗುವಾಗ ಬೇರೆ ಕಡೆ ನೋಡುತ್ತಿದ್ದಳು.

ಆದ್ದರಿಂದ ಕೇಳುತ್ತಿದ್ದೇನೆ, ಪ್ರಾರ್ಥಿಸುತ್ತಿಲ್ಲ. ಲೀಗ್ ಮುಗಿಯುವವರೆಗೆ ಮೈದಾನವನ್ನು ಯಾವ ಮೇಳಕ್ಕೂ ಕೊಡಬೇಡಿ. ಬಲಗಡೆಯ ವೇದಿಕೆ ಒಡೆಸಿ. ಇವೆರಡಕ್ಕೆ ಸಮಯ ಬೇಕೆಂದರೆ ತೆಗೆದುಕೊಳ್ಳಿ, ಕಾಯುತ್ತೇವೆ. ಆದರೆ ಅಮಾನತು ರದ್ದು ಮಾಡಲು ಒಂದು ಸಹಿ ಸಾಕು. ಭಾನುವಾರ ಸೀಟಿ ಊದುವ ಮುಂಚೆ ತಾವೇ ಗೇಟಿನವರೆಗೆ ಹೋಗಿ, ಆ ಹುಡುಗಿಯ ಹೆಸರು ಹಿಡಿದು ಒಳಗೆ ಕರೆಯಿರಿ.

ಇಂತಿ,
ಸೋಲುವ ತಂಡದ ಪರವಾಗಿ ಕೂಗಿ ಕೂಗಿ ಗಂಟಲು ಕಟ್ಟಿಕೊಂಡು, ಭಾನುವಾರಕ್ಕೆಂದು ಬಿಸಿನೀರು ಕುಡಿಯುತ್ತಿರುವ
ಮಾರೆಮ್ಮ